ಕೊಡಲಿ ಕಾವು ಕೊಳೆತ ಬೆಟ್ಟ: ಗೋ ಆಟದ ಬೆನ್ನು ಹತ್ತಿ ಚೀನಾ, ಜಪಾನ್

ಮೊದಲ ದಿನ: ಝೆಂಗ್‌ಝೌ

ಹೆನಾನ್ ಮ್ಯೂಸಿಯಂಗೆ ಟಿಕೆಟ್ ದುಡ್ಡಿಲ್ಲ. ಆದರೆ ಮೊದಲೇ ಪಾಸ್‌ಪೋರ್ಟ್ ನಂಬರ್ ಕೊಟ್ಟು ಬುಕ್ ಮಾಡಿರಬೇಕು. ಸೋಮವಾರ ರಜೆ. ಯುಗಾದಿ ಮುಗಿಸಿಕೊಂಡು ಹೊರಟಿದ್ದ ನಾವು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆವು. ನನ್ನ ಜೊತೆ ಇದ್ದವನು ಅಕ್ಕನ ಮಗ. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಗೋ ಎಂಬ ಮಣೆಯಾಟ ಕಲಿತವನು ಅವನೇ, ನನಗೆ ಕಲಿಸಿದವನೂ ಅವನೇ.

ಇಲ್ಲಿ ಜನ ಮುಗಿಬೀಳುವುದು ಫು ಹಾವೊ ರಾಣಿಯ ಗೂಬೆ ಆಕಾರದ ಕಂಚಿನ ಪಾತ್ರೆಗೆ, ಮತ್ತೆ ಜಿಯಾಹು ಊರಲ್ಲಿ ಸಿಕ್ಕ ಮೂಳೆಯ ಕೊಳಲುಗಳಿಗೆ. ಎಂಟು ಸಾವಿರ ವರ್ಷಕ್ಕೂ ಹಳೆಯ ಕೊಳಲುಗಳು ಅವು, ನೋಡಲೇಬೇಕು. ಆದರೆ ನಾವು ಬಂದಿದ್ದು ಅಂಗೈಯಗಲದ ಒಂದು ಪಿಂಗಾಣಿ ಗೋ ಮಣೆಗಾಗಿ. ಆನ್ಯಾಂಗ್ ಹತ್ತಿರ ಸುಯಿ ರಾಜವಂಶದ ಕಾಲದ ಝಾಂಗ್ ಶೆಂಗ್ ಎಂಬ ಅಧಿಕಾರಿಯ ಗೋರಿ ಇದೆ. ಅವನನ್ನು ಹೂತಿದ್ದು 595ರಲ್ಲಿ. 1959ರಲ್ಲಿ ಅಗೆದಾಗ ಅವನ ಜೊತೆ ಹಾಡುವ, ಬಾರಿಸುವ ಹೆಣ್ಣುಗೊಂಬೆಗಳು ಸಿಕ್ಕವು. ಈ ಮಣೆಯೂ ಸಿಕ್ಕಿತು. ಸುಮಾರು ಹತ್ತು ಸೆಂಟಿಮೀಟರ್ ಚೌಕ, ನಾಲ್ಕು ಸೆಂಟಿಮೀಟರ್ ಎತ್ತರ. ಮೇಲೆ ತಿಳಿ ಮೆರುಗು. ಇದರ ಮೇಲೆ ಯಾರೂ ಆಡಿರಲಾರರು. ಸತ್ತವನಿಗೆ ಬೇಜಾರಾಗದಿರಲಿ ಅಂತ ಮಾಡಿಸಿಟ್ಟ ಮಣೆ ಅದು.

ಗಾಜಿಗೆ ಮೂಗು ತಾಗಿಸಿ ಗೆರೆ ಎಣಿಸಿದೆವು. ಅಡ್ಡಕ್ಕೆ ಹತ್ತೊಂಬತ್ತು, ಉದ್ದಕ್ಕೆ ಹತ್ತೊಂಬತ್ತು. ಇವತ್ತು ನಾವು ಆಡುವ ಮಣೆಯೇ!

ಅದು ಯಾಕೆ ದೊಡ್ಡ ವಿಷಯ ಅಂದರೆ, ಅದಕ್ಕಿಂತ ಮುಂಚಿನ ಮಣೆಗಳು ಬೇರೆ ಇದ್ದವು. 1952ರಲ್ಲಿ ಹೆಬೇ ಪ್ರಾಂತ್ಯದ ವಾಂಗ್‌ಡು ಎಂಬಲ್ಲಿ ಹಾನ್ ಕಾಲದ ಗೋರಿಯೊಂದರಲ್ಲಿ ಕಲ್ಲಿನ ಮಣೆ ಸಿಕ್ಕಿತು. ಕ್ರಿ.ಶ. 182ರ ಹೊತ್ತಿನದು. ಅದರಲ್ಲಿ ಇರುವುದು ಹದಿನೇಳು ಗೆರೆ. ಮೂರನೇ ಶತಮಾನದ ಒಬ್ಬ ಬರಹಗಾರ ಕೂಡ ಹದಿನೇಳು ಗೆರೆ, 289 ಜಾಗ ಅಂತಲೇ ಬರೆದಿದ್ದಾನೆ. ಡನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಆರನೇ ಶತಮಾನದ ಗೋ ಕೈಪಿಡಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ 361 ಜಾಗದ ಲೆಕ್ಕ ಬರುತ್ತದೆ. ಅಂದರೆ ನಡುವಿನ ಮೂರು ನಾಲ್ಕು ಶತಮಾನಗಳಲ್ಲಿ ಮಣೆ ದೊಡ್ಡದಾಯಿತು. ಅಲ್ಲಿಂದ ಇಲ್ಲಿಯವರೆಗೆ ಒಂದು ಗೆರೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರಿಗೆ ಕಪ್ಪು ಕಾಯಿ, ಇನ್ನೊಬ್ಬರಿಗೆ ಬಿಳಿ. ಖಾಲಿ ಮಣೆಯಿಂದ ಶುರು. ಚೌಕದ ಒಳಗಲ್ಲ, ಗೆರೆ ಕೂಡುವ ಜಾಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಕಾಯಿ ಇಡಬೇಕು. ಇಟ್ಟ ಕಾಯಿಯನ್ನು ಸರಿಸುವಂತಿಲ್ಲ. ಎದುರಾಳಿಯ ಕಾಯಿಯ ಸುತ್ತ ಉಸಿರಾಡಲು ಖಾಲಿ ಜಾಗ ಉಳಿಯದ ಹಾಗೆ ಮುತ್ತಿದರೆ ಅದು ನಿಮ್ಮದು. ಕೊನೆಗೆ ಯಾರು ಜಾಸ್ತಿ ಜಾಗ ಸುತ್ತುವರಿದಿದ್ದಾರೋ ಅವರು ಗೆದ್ದರು. ಚೀನಾದಲ್ಲಿ ಇದಕ್ಕೆ ವೇಯ್‌ಚಿ, ಜಪಾನಿನಲ್ಲಿ ಇಗೊ, ಕೊರಿಯಾದಲ್ಲಿ ಬಾದುಕ್. ಕಲಿಯಲು ಅರ್ಧ ಗಂಟೆ ಸಾಕು. ಚೆನ್ನಾಗಿ ಆಡಲು ಒಬ್ಬ ಗುರು ಬೇಕು. ನಾನು ಈ ಸುತ್ತಾಟದಲ್ಲಿ ಹುಡುಕಿಕೊಂಡು ಹೊರಟಿದ್ದು ನಿಜವಾಗಿ ಅದನ್ನೇ. ಈ ಆಟವನ್ನು ಯಾರು ಯಾರಿಗೆ ಕಲಿಸಿದರು? ಎಲ್ಲಿ ಕೂರಿಸಿಕೊಂಡು ಕಲಿಸಿದರು?

ಮೊದಲ ಗುರು ಯಾರು ಅಂದರೆ ಚೀನಾದವರು ಯಾವೊ ಚಕ್ರವರ್ತಿಯ ಹೆಸರು ಹೇಳುತ್ತಾರೆ. ಮಗ ದಾನ್‌ಝು ಹೇಳಿದ ಮಾತು ಕೇಳದ ಹುಡುಗ. ಅವನ ಬುದ್ಧಿ ನೆಟ್ಟಗಾಗಲಿ ಅಂತ ಅಪ್ಪ ಈ ಆಟ ಮಾಡಿಕೊಟ್ಟನಂತೆ. ಪುರಾಣ ಇದು, ಇತಿಹಾಸ ಅಲ್ಲ. ಆದರೂ ಆಟದ ಮೊದಲ ಕಥೆಯೇ ಕಲಿಸುವ ಕಥೆ ಆಗಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು.

ಎರಡನೇ ದಿನ: ರೈಲು, ಆಮೇಲೆ ಚೂಝೌ

ಝೆಂಗ್‌ಝೌ ಪೂರ್ವ ನಿಲ್ದಾಣದಿಂದ ಹಾಂಗ್‌ಝೌ, ಅಲ್ಲಿ ರೈಲು ಬದಲಿಸಿ ಚೂಝೌ. ದಿನದ ಬಹುಪಾಲು ರೈಲಿನಲ್ಲೇ ಹೋಯಿತು. ಕಿಟಕಿಯಾಚೆ ಮೊದಲು ಗೋಧಿ ಹೊಲ, ಆಮೇಲೆ ಕೆರೆ ಕಾಲುವೆ, ಕೊನೆಗೆ ಹಸಿರು ಗುಡ್ಡಗಳು. ಕಾಯಿ ಅಂಟಿಕೊಳ್ಳುವ ಮ್ಯಾಗ್ನೆಟ್ ಮಣೆಯನ್ನು ನಡುವೆ ಇಟ್ಟುಕೊಂಡು ಕೂತೆವು.

ನಾನು ಕಾಯಿ ಎತ್ತಿ, ಇಲ್ಲಿಡಲೋ ಅಲ್ಲಿಡಲೋ ಅಂತ ಕೈ ಆಡಿಸುತ್ತಿದ್ದೆ.

“ಚಿಕ್ಕಮ್ಮ, ಎತ್ತೋಕೆ ಮುಂಚೆ ಯೋಚನೆ ಮಾಡಿ. ಎತ್ತಿದ ಮೇಲೆ ಯೋಚನೆ ಮಾಡಬಾರದು.”

ಅವನಿಗೆ ಗೊತ್ತಿರಲಿಲ್ಲ, ಈ ಆಟದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹದಲ್ಲಿ ಇರುವುದೂ ಇದೇ ಮಾತು. ಕ್ರಿ.ಪೂ. 548ರ ಘಟನೆ ಅದು, ಝುವೊ ಝುವಾನ್ ಎಂಬ ಇತಿಹಾಸದಲ್ಲಿ ದಾಖಲಾಗಿದೆ. ವೇಯ್ ರಾಜ್ಯದ ಮಂತ್ರಿ ನಿಂಗ್ ಶಿ, ದೇಶ ಬಿಟ್ಟು ಓಡಿಹೋದ ದೊರೆಯನ್ನು ಮತ್ತೆ ಕರೆಸಬೇಕೋ ಬೇಡವೋ ಅಂತ ತೂಗಾಡುತ್ತಿರುತ್ತಾನೆ. ಅದನ್ನು ಕೇಳಿದ ಒಬ್ಬ ಹಿರಿಯ ಹೇಳುತ್ತಾನೆ: ಕಾಯಿ ಎತ್ತಿಕೊಂಡು ಎಲ್ಲಿಡಬೇಕೆಂದು ತಿಳಿಯದವನು ಎದುರಾಳಿಯನ್ನು ಗೆಲ್ಲಲಾರ, ಹಾಗಿರುವಾಗ ದೊರೆಯ ವಿಷಯದಲ್ಲಿ ತೂಗಾಡುವವನ ಗತಿ ಏನು? ಕೆಲವೇ ವರ್ಷದಲ್ಲಿ ನಿಂಗ್ ಶಿಯ ಕೊಲೆಯಾಯಿತು. ಉದಾಹರಣೆಗೆ ಆಟವನ್ನು ತಂದಿದ್ದಾರೆ ಅಂದರೆ ಆಗಲೇ ಅದು ಎಲ್ಲರಿಗೂ ಗೊತ್ತಿದ್ದ ಆಟ. ಹುಟ್ಟಿದ್ದು ಇನ್ನೂ ಹಿಂದೆ. ಚೀನಾದವರು ಇವತ್ತಿಗೂ ತೀರ್ಮಾನ ತೆಗೆದುಕೊಳ್ಳಲಾಗದವರನ್ನು “ಕಾಯಿ ಎತ್ತಿ ತೂಗಾಡುವವರು” ಅನ್ನುತ್ತಾರೆ.

ಚೀನಾದ ತತ್ವಜ್ಞಾನಿ ಮೆನ್ಸಿಯಸ್ ಹೇಳಿದ ಕಥೆ ಇನ್ನೂ ಚೆನ್ನಾಗಿದೆ. ಕ್ರಿ.ಪೂ. ನಾಲ್ಕನೇ ಶತಮಾನದವರು ಅವರು. ಯಿ ಚಿಯು ಅಂತ ಒಬ್ಬ, ದೇಶಕ್ಕೇ ದೊಡ್ಡ ಆಟಗಾರ. ಇಬ್ಬರು ಹುಡುಗರಿಗೆ ಪಾಠ ಹೇಳುತ್ತಾನೆ. ಒಬ್ಬ ಮನಸ್ಸಿಟ್ಟು ಕೇಳುತ್ತಾನೆ. ಇನ್ನೊಬ್ಬನ ಕಿವಿ ಇಲ್ಲಿ, ಮನಸ್ಸು ಆಕಾಶದಲ್ಲಿ. ಹಂಸ ಹಾರಿ ಬಂದರೆ ಬಿಲ್ಲು ಹೇಗೆ ಬಗ್ಗಿಸಲಿ, ಬಾಣ ಹೇಗೆ ಬಿಡಲಿ ಅಂತ ಅವನ ಯೋಚನೆ. ಇಬ್ಬರಿಗೂ ಬುದ್ಧಿ ಅಷ್ಟೇ ಇದೆ, ಆದರೆ ಕಲಿಕೆ ಒಂದೇ ಆಗುತ್ತದೆಯೇ? ಆಟಗಾರ ಅಂತ ಹೆಸರು ಹಿಡಿದು ಕರೆಸಿಕೊಂಡ ಮೊದಲ ಮನುಷ್ಯ ಈ ಯಿ ಚಿಯು. ಅವನು ಆಡಿದ ಒಂದು ಆಟವೂ ನಮಗೆ ಉಳಿದಿಲ್ಲ. ಪಾಠ ಹೇಳುತ್ತಾ ಕೂತ ಚಿತ್ರ ಮಾತ್ರ ಉಳಿದಿದೆ.

ಚೂಝೌ ತಲುಪಿದಾಗ ಸಂಜೆ. ಝೆಜಿಯಾಂಗ್ ಪ್ರಾಂತ್ಯದ ಪಶ್ಚಿಮ ತುದಿಯ ಊರು. ಇಲ್ಲಿ ಕನ್‌ಫ್ಯೂಷಿಯಸ್ ವಂಶದವರ ದಕ್ಷಿಣದ ಮನೆದೇವಾಲಯ ಇದೆ. ಉತ್ತರದಿಂದ ಜುರ್ಚೆನ್ನರು ನುಗ್ಗಿದಾಗ, ಸಾಂಗ್ ಅರಮನೆಯ ಜೊತೆಗೇ ವಂಶದ 48ನೇ ತಲೆಮಾರಿನ ಕಾಂಗ್ ದುವಾನ್‌ಯೌ ದಕ್ಷಿಣಕ್ಕೆ ಬಂದು ಇಲ್ಲಿ ನೆಲೆಸಿದರು. ಬಾಗಿಲು ಹಾಕುವ ಮುನ್ನ ಬೇಗ ಬೇಗ ಒಂದು ಸುತ್ತು ಹಾಕಿದೆವು. ಅಂಗಳದ ಹಳೆಯ ಮರಗಳ ಕೆಳಗೆ ನಿಂತು ಅಕ್ಕನ ಮಗ ಕೇಳಿದ, “ಕನ್‌ಫ್ಯೂಷಿಯಸ್ ಗೋ ಬಗ್ಗೆ ಏನಾದ್ರೂ ಹೇಳಿದ್ದಾರಾ?” ಹೇಳಿದ್ದಾರೆ, ಆದರೆ ದೊಡ್ಡ ಹೊಗಳಿಕೆ ಏನಲ್ಲ. ದಿನವಿಡೀ ಉಂಡು ತಲೆ ಓಡಿಸದೆ ಕೂರುವವರಿಗಿಂತ ಈ ಆಟ ಆಡುವವರಾದರೂ ವಾಸಿ ಅಂತ. ಆಗ ಆಟಕ್ಕೆ ಇದ್ದ ಬೆಲೆ ಅಷ್ಟು. ಮುಂದೆ ಇದೇ ಆಟ ವೀಣೆಯಂಥ ಚಿನ್ ವಾದ್ಯ, ಬರವಣಿಗೆ, ಚಿತ್ರಕಲೆಗಳ ಜೊತೆ ಓದಿದವರ ನಾಲ್ಕು ಕಲೆಗಳಲ್ಲಿ ಒಂದಾಯಿತು. ಕನ್‌ಫ್ಯೂಷಿಯಸ್‌ನ ಶಿಷ್ಯ ಪರಂಪರೆಯವರೇ ಅದನ್ನು ಅಷ್ಟು ಎತ್ತರಕ್ಕೆ ಏರಿಸಿದರು.

ಮೂರನೇ ದಿನ: ಲಾನ್‌ಕೆ ಬೆಟ್ಟ

ಊರಿನಿಂದ ದಕ್ಷಿಣಕ್ಕೆ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಲಾನ್‌ಕೆ ಅಂದರೆ ಕೊಳೆತ ಕೊಡಲಿ ಕಾವು. ಆಟಕ್ಕೇ ಈ ಹೆಸರಿನಿಂದ ಕರೆಯುವ ರೂಢಿ ಚೀನಾದಲ್ಲಿ ಇದೆ.

ಕಥೆ ಹೀಗೆ. ಜಿನ್ ರಾಜವಂಶದ ಕಾಲದಲ್ಲಿ ವಾಂಗ್ ಝಿ ಎಂಬ ಸೌದೆ ಕಡಿಯುವವನು ಈ ಬೆಟ್ಟಕ್ಕೆ ಬಂದ. ಕಲ್ಲಿನ ಮಾಡಿನ ಕೆಳಗೆ ಕೆಲವು ಹುಡುಗರು ಹಾಡುತ್ತಾ ಗೋ ಆಡುತ್ತಿದ್ದರು. ಕೊಡಲಿ ಪಕ್ಕಕ್ಕಿಟ್ಟು ನೋಡುತ್ತಾ ನಿಂತ. ಅವರಲ್ಲೊಬ್ಬ ಖರ್ಜೂರದ ಬೀಜದಂಥದ್ದೇನೋ ಕೊಟ್ಟ. ಬಾಯಿಗೆ ಹಾಕಿಕೊಂಡ, ಹಸಿವೇ ಆಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹುಡುಗ ಕೇಳಿದ, “ಇನ್ನೂ ಯಾಕೆ ಹೋಗಲಿಲ್ಲ?” ವಾಂಗ್ ಝಿ ಎದ್ದು ಕೊಡಲಿ ನೋಡಿದರೆ ಕಾವು ಪೂರ್ತಿ ಕೊಳೆತು ಹೋಗಿತ್ತು. ಊರಿಗೆ ಬಂದರೆ ಅವನ ಕಾಲದವರು ಒಬ್ಬರೂ ಇಲ್ಲ. ಆರನೇ ಶತಮಾನದಲ್ಲಿ ರೆನ್ ಫಾಂಗ್ ಎಂಬುವರು ಇದನ್ನು ಬರೆದಿಟ್ಟರು.

ನಮ್ಮ ಭಾಗವತದ ಕಕುದ್ಮಿ ರಾಜನ ಕಥೆ ನೆನಪಾಗದೆ ಇರುತ್ತದೆಯೇ? ಮಗಳು ರೇವತಿಗೆ ಗಂಡು ಕೇಳಲು ಬ್ರಹ್ಮನ ಸಭೆಗೆ ಹೋಗಿ, ಹಾಡು ಮುಗಿಯಲಿ ಅಂತ ಕಾದು ನಿಂತ. ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿದ್ದವು. ಅಲ್ಲಿ ಸಂಗೀತ, ಇಲ್ಲಿ ಆಟ.

ಮೆಟ್ಟಿಲು ಹತ್ತಿ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಎದುರಿಗೆ ಬಂಡೆ ಕಮಾನು ಕಾಣುತ್ತದೆ. ಯಾರೂ ಕಟ್ಟಿದ್ದಲ್ಲ. ಕೆಂಪು ಮರಳುಗಲ್ಲಿನ ಬೆಟ್ಟದ ಹೊಟ್ಟೆ ಸವೆದು, ಬೆನ್ನು ಮಾತ್ರ ಸೇತುವೆಯ ಹಾಗೆ ಉಳಿದುಕೊಂಡಿದೆ. ಒಳಗೆ ಕಾಲಿಟ್ಟರೆ ತಂಪು. ಎರಡೂ ಕಡೆಯಿಂದ ಗಾಳಿ ಬೀಸುತ್ತದೆ. ಮಾತಾಡಿದರೆ ಮೇಲಿನ ಬಂಡೆಗೆ ತಾಗಿ ದನಿ ವಾಪಸ್ ಬರುತ್ತದೆ. ಕೆಳಗೆ ನೆಲದ ಮೇಲೆ ದೊಡ್ಡದಾಗಿ ಗೋ ಮಣೆ ಹಾಕಿದ್ದಾರೆ. ಶಾಲೆ ಮಕ್ಕಳ ಒಂದು ಗುಂಪು ಬಂದಿತ್ತು. ಒಬ್ಬ ಹುಡುಗಿ ಗೆರೆ ಕೂಡುವ ಜಾಗದಲ್ಲಿ ನಿಂತಳು. ಉಳಿದ ನಾಲ್ವರು ಅವಳ ನಾಲ್ಕು ಕಡೆ ನಿಂತು “ಸಿಕ್ಕಿಬಿದ್ದೆ” ಅನ್ನುವ ಹಾಗೆ ಕೂಗಿದರು. ಅವಳು ನಗುತ್ತಾ ಮಣೆಯಿಂದ ಆಚೆ ಹಾರಿದಳು. ಭಾಷೆ ಬಾರದ ನನಗೂ ಪೂರ್ತಿ ಅರ್ಥವಾದ ಆಟ. ಆ ಮಕ್ಕಳ ಟೀಚರ್ ನಮ್ಮ ಪುಟ್ಟ ಮಣೆ ನೋಡಿ, ಅಕ್ಕನ ಮಗನನ್ನು ಕೈ ಹಿಡಿದು ಕೂರಿಸಿಯೇ ಬಿಟ್ಟರು. ಹತ್ತು ವರ್ಷದ ಹುಡುಗನೊಬ್ಬ ಎದುರಿಗೆ ಕೂತ. ಯೋಚನೆಯೇ ಮಾಡದವನ ಹಾಗೆ ಪಟಪಟ ಇಡುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ನಮ್ಮವನ ಮೂಲೆಯ ಕಾಯಿಗಳೆಲ್ಲ, ಗೆದ್ದ ಕಾಯಿ ಹಾಕಿಡುವ ಅವನ ಡಬ್ಬಿ ಮುಚ್ಚಳದಲ್ಲಿದ್ದವು.

ಈ ಕಥೆ ಕವಿಗಳನ್ನು ಬಿಟ್ಟಿಲ್ಲ. ಟಾಂಗ್ ಕಾಲದ ಲಿಯು ಯುಷಿ ಇಪ್ಪತ್ತಮೂರು ವರ್ಷ ದೂರದ ಊರುಗಳಲ್ಲಿ ಗಡೀಪಾರಾಗಿದ್ದು 826ರಲ್ಲಿ ಮರಳಿ ಬರುತ್ತಾನೆ. ಗೆಳೆಯರು ಅರ್ಧಕ್ಕರ್ಧ ಸತ್ತಿದ್ದಾರೆ. ಊರಿಗೆ ಬಂದರೂ ಕೊಡಲಿ ಕಾವು ಕೊಳೆತವನ ಹಾಗಿದ್ದೇನೆ ಅಂತ ಬರೆದ. ಆಟ ಗೊತ್ತಿಲ್ಲದವರಿಗೂ ಈ ಸಂಕಟ ಗೊತ್ತಾಗುತ್ತದೆ, ಅಲ್ವಾ? ಈ ಆಟವನ್ನು ಬರೀ ಲೆಕ್ಕಾಚಾರದ ಆಟ ಅಂದುಕೊಂಡವರು ಒಮ್ಮೆ ಇಲ್ಲಿಗೆ ಬರಬೇಕು.

ನಾಲ್ಕನೇ ದಿನ: ಶಾಂಘೈ ದಾರಿ, ಒಸಾಕಾ

ಬೆಳಗ್ಗೆ ರೈಲು, ಸಂಜೆ ವಿಮಾನ. ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಹಾಂಗ್‌ಝೌ ದಾಟಿ ಶಾಂಘೈ ಕಡೆ ಹೋಗುವಾಗ ಟೋಂಗ್‌ಶಿಯಾಂಗ್ ನಿಲ್ದಾಣ ಬಂತು. ಕಾಲುವೆಗಳ ಊರು ವುಝೆನ್‌ಗೆ ಇಳಿಯುವುದು ಇಲ್ಲೇ. 2017ರ ಮೇ ತಿಂಗಳಲ್ಲಿ ಚೀನಾದ ಆಟಗಾರ ಕೆ ಜಿಯೆ ಅಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಎದುರು ಮೂರಕ್ಕೆ ಮೂರೂ ಸೋತ. ಆಗ ಅವನಿಗೆ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಇದೇ ಝೆಜಿಯಾಂಗ್ ಪ್ರಾಂತ್ಯದ ಲಿಶುಯಿ ಊರಿನ ಹುಡುಗ. ಕೊನೆಯ ಆಟದಲ್ಲಿ ಕಣ್ಣೀರು ಹಾಕಿದ. ಅದಕ್ಕೂ ಒಂದು ವರ್ಷ ಮುಂಚೆ ಸೋಲ್ ನಗರದಲ್ಲಿ ಕೊರಿಯಾದ ಲೀ ಸೆಡಾಲ್ ಅದರ ಎದುರೇ ನಾಲ್ಕು ಸೋತು ಒಂದು ಗೆದ್ದಿದ್ದ. ಮನುಷ್ಯರ ಆಟ ಅಲ್ಲಿಗೆ ಮುಗಿಯಿತು ಅಂದವರಿದ್ದರು. ಮುಗಿಯಲಿಲ್ಲ. ಲಾನ್‌ಕೆ ಬೆಟ್ಟದ ಆ ಹುಡುಗ ಮೂಲೆಯಲ್ಲಿ ಇಟ್ಟ ನಡೆ ಯಂತ್ರದಿಂದ ಬಂದದ್ದು ಅಂತ ಅಕ್ಕನ ಮಗ ದಾರಿಯುದ್ದಕ್ಕೂ ಹೇಳುತ್ತಿದ್ದ. ಯಂತ್ರವೂ ಈಗ ಮೇಷ್ಟ್ರಾಗಿದೆ.

ಐದನೇ ದಿನ: ನಾರಾ

ತೋದಾಯ್‌ಜಿ ದೇವಾಲಯದ ದೊಡ್ಡ ಬುದ್ಧನ ಮುಂದೆ ಜನಜಾತ್ರೆ. 752ರಲ್ಲಿ ಈ ಬುದ್ಧನಿಗೆ ಕಣ್ಣು ಬರೆದವರು ಭಾರತದಿಂದ ಬಂದಿದ್ದ ಬೋಧಿಸೇನ ಎಂಬ ಭಿಕ್ಷು. ಆ ಕುಂಚವನ್ನು ಇಂದಿಗೂ ಕಾಪಿಟ್ಟಿದ್ದಾರೆ. ಎಲ್ಲಿ ಅಂದರೆ ದೇವಾಲಯದ ಹಿಂದೆ ಇರುವ ಶೋಸೋಇನ್ ಉಗ್ರಾಣದ ಸಂಗ್ರಹದಲ್ಲಿ. ನಾವು ಹೊರಟಿದ್ದು ಆ ಕಡೆಗೇ.

ಜಿಂಕೆಗಳ ಕಾಟ ಕಮ್ಮಿಯಾಗುವ ಹೊತ್ತಿಗೆ ಶೋಸೋಇನ್ ಸಿಗುತ್ತದೆ. ಒಳಗೆ ಬಿಡುವುದಿಲ್ಲ. ವಾರದ ಕೆಲಸದ ದಿನಗಳಲ್ಲಿ ಹೊರಗಿನಿಂದ ನೋಡಬಹುದು. ಮೊಳೆ ಬಡಿದ ಗೋಡೆಯಲ್ಲ, ಒಂದರ ಮೇಲೊಂದು ಅಡ್ಡ ಪೇರಿಸಿದ ತ್ರಿಕೋನದ ಮರದ ದಿಮ್ಮಿಗಳು. ಎತ್ತರದ ಕಂಬಗಳ ಮೇಲೆ ನಿಂತ ಕಟ್ಟಡ. ಹನ್ನೆರಡು ಶತಮಾನಕ್ಕೂ ಜಾಸ್ತಿ ಅದರ ಹೊಟ್ಟೆಯಲ್ಲಿದ್ದ ಸಾಮಾನುಗಳನ್ನು ಈಗ ಪಕ್ಕದ ಹೊಸ ಕಟ್ಟಡಕ್ಕೆ ಸಾಗಿಸಿದ್ದಾರೆ. ಪ್ರತಿ ಶರತ್ಕಾಲದಲ್ಲಿ ಕೆಲವನ್ನು ಮಾತ್ರ ನಾರಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಎರಡು ವಾರದ ಮಟ್ಟಿಗೆ ತೋರಿಸುತ್ತಾರೆ.

ಅಲ್ಲಿರುವ ಗೋ ಮಣೆಯ ಚಿತ್ರವನ್ನು ಮ್ಯೂಸಿಯಂ ಅಂಗಡಿಯ ಪುಸ್ತಕದಲ್ಲಿ ಬಹಳ ಹೊತ್ತು ನೋಡಿದೆವು. ಶೋಮು ಚಕ್ರವರ್ತಿಯ ಮಣೆ ಅದು. 756ರಲ್ಲಿ ಅವನು ತೀರಿಕೊಂಡ ಮೇಲೆ ರಾಣಿ ಕೋಮ್ಯೊ ಅವನ ಪ್ರೀತಿಯ ವಸ್ತುಗಳನ್ನೆಲ್ಲ ಬುದ್ಧನಿಗೆ ಒಪ್ಪಿಸಿದಳು. ಕೆಂಪು ಗಂಧದ ಜಾತಿಯ ಮರ, ದಂತದ ಗೆರೆಗಳು, ಪಕ್ಕಗಳಲ್ಲಿ ಮರ ಮತ್ತು ದಂತ ಕೂರಿಸಿ ಮಾಡಿದ ಒಂಟೆ, ಪ್ರಾಣಿಗಳ ಚಿತ್ರ. ಎದುರು ಬದುರು ಎರಡು ಪುಟ್ಟ ಡ್ರಾಯರ್. ಒಳಗೆ ಕಾಯಿ ಇಡಲು ಆಮೆಯ ಆಕಾರದ ತಟ್ಟೆ. ನೀವು ನಿಮ್ಮ ಕಡೆಯ ಡ್ರಾಯರ್ ಎಳೆದರೆ ಎದುರಾಳಿಯ ಕಡೆಯದೂ ತಾನಾಗಿ ತೆರೆದುಕೊಳ್ಳುತ್ತದೆ! ಒಳಗೆ ಅಂಥದ್ದೊಂದು ಯುಕ್ತಿ ಕೂರಿಸಿದ್ದಾರೆ. ಕಾಯಿಗಳು ಕಪ್ಪು ಬಿಳಿ ಅಲ್ಲ, ಕೆಂಪು ಮತ್ತು ಕಡುನೀಲಿ. ಬಣ್ಣ ಹಾಕಿದ ದಂತದ ಮೇಲೆ ಕೊಕ್ಕಿನಲ್ಲಿ ಹೂ ಹಿಡಿದ ಹಕ್ಕಿಯನ್ನು ಕೆತ್ತಿದ್ದಾರೆ. ಉಗುರಿನಷ್ಟಗಲದ ಕಾಯಿಯ ಮೇಲೆ ರೆಕ್ಕೆಯ ಗೆರೆಗಳು ಕೂಡ ಬಿಡಿಬಿಡಿಯಾಗಿ ಕಾಣುತ್ತವೆ.

ಕಿಬಿ ನೊ ಮಾಕಿಬಿ ಎಂಬ ವಿದ್ವಾಂಸ 735ರಲ್ಲಿ ಚೀನಾದಿಂದ ಮರಳುವಾಗ ಈ ಆಟ ತಂದ ಅಂತ ಜಪಾನಿನಲ್ಲಿ ಕಥೆ ಇದೆ. ಆದರೆ 636ರಲ್ಲಿ ಚೀನಾದವರು ಬರೆದ ಸುಯಿ ಇತಿಹಾಸದಲ್ಲೇ ಜಪಾನಿನವರಿಗೆ ಈ ಆಟ ಇಷ್ಟ ಅಂತ ಇದೆ. ಅವನಿಗಿಂತ ಮುಂಚೆಯೇ ಬಂದಿತ್ತು. ಎಂಟನೇ ಶತಮಾನದ ಕಾನೂನಿನಲ್ಲಿ ಭಿಕ್ಷುಗಳು ಜೂಜಾಡಬಾರದು, ಹಾಡು ಕುಣಿತ ಮಾಡಬಾರದು ಅಂತ ಬರೆದು, ಗೋ ಮತ್ತು ಕೋಟೊ ವಾದ್ಯಕ್ಕೆ ಮಾತ್ರ ಅಡ್ಡಿಯಿಲ್ಲ ಅಂದಿದ್ದಾರೆ. ಮುಂದೆ ಜಪಾನಿನ ಗೋ ಇತಿಹಾಸವನ್ನೇ ತಿರುಗಿಸಿದವನೂ ಒಬ್ಬ ಭಿಕ್ಷುವೇ ಆದದ್ದು ಹೀಗೆ.

ಆರನೇ ದಿನ: ಕ್ಯೋಟೋ

ಕಾಮೊ ನದಿ ದಾಟಿ ಪೂರ್ವಕ್ಕೆ ನಡೆದರೆ ನಿಯೋಮೊನ್ ಬೀದಿಯಲ್ಲಿ ಜಾಕ್ಕೋಜಿ. ಪ್ರವಾಸಿಗಳು ಯಾರೂ ಬರದ ಸಾಮಾನ್ಯ ದೇವಾಲಯ. ಹಿಂದಿನ ಸ್ಮಶಾನದಲ್ಲಿ ಹೊನಿನ್‌ಬೊ ಸಾನ್ಸಾ ಅವರ ಸಮಾಧಿ ಇದೆ. 1559ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಈ ದೇವಾಲಯ ಸೇರಿ ಭಿಕ್ಷುವಾದವರು. ದೇವಾಲಯದ ಒಳಗಿದ್ದ ಹೊನಿನ್‌ಬೊ ಎಂಬ ಪುಟ್ಟ ಮಠದಲ್ಲಿ ಅವರ ವಾಸ. ಆ ಮಠದ ಹೆಸರೇ ಗೋ ಮನೆತನದ ಹೆಸರಾಯಿತು. ಆಗ ದೇವಾಲಯ ಇದ್ದದ್ದು ತೆರಾಮಾಚಿ ಬೀದಿಯ ಕಡೆ. 1708ರ ಬೆಂಕಿಯ ನಂತರ ಇಲ್ಲಿಗೆ ಬಂತು.

ನೊಬುನಾಗ, ಹಿದೆಯೋಶಿ, ಇಯೆಯಾಸು. ಜಪಾನನ್ನು ಒಂದು ಮಾಡಿದ ಮೂವರು ದೊರೆಗಳ ಕಾಲದಲ್ಲೂ ಸಾನ್ಸಾ ಇದ್ದರು. 1582ರಲ್ಲಿ ಹೊನ್ನೋಜಿ ದೇವಾಲಯದಲ್ಲಿ ಅವನದೇ ಸರದಾರ ಮುತ್ತಿಗೆ ಹಾಕಿದಾಗ ನೊಬುನಾಗ ಸತ್ತ. ಹಿಂದಿನ ರಾತ್ರಿ ಅಲ್ಲಿ ಸಾನ್ಸಾ ಆಡುತ್ತಿದ್ದರು, ಮೂರು ಕಡೆ ಒಟ್ಟಿಗೆ ‘ಕೊ’ ಬಿದ್ದು ಆಟ ಮುಗಿಯಲೇ ಇಲ್ಲ, ಅದೇ ಅಪಶಕುನ ಅನ್ನುತ್ತಾರೆ. ಕೊ ಅಂದರೆ ನೀನು ತಿಂದೆ, ನಾನು ತಿಂದೆ ಅಂತ ಒಂದೇ ಜಾಗಕ್ಕೆ ಮುಗಿಯದ ಜಗಳ. ಇತಿಹಾಸಕಾರರು ಈ ಕಥೆ ನಂಬುವುದಿಲ್ಲ. ನಾನೂ ನಂಬುವುದಿಲ್ಲ.

ನಿಜವಾಗಿ ನಡೆದದ್ದು ಇದಕ್ಕಿಂತ ದೊಡ್ಡದು. 1612ರಲ್ಲಿ ತೊಕುಗಾವಾ ಸರ್ಕಾರ ಗೋ ಮತ್ತು ಶೋಗಿ (ಜಪಾನಿನ ಚದುರಂಗ) ಆಟಗಾರರಿಗೆ ಸಂಬಳ ಗೊತ್ತು ಮಾಡಿತು. ಸಾನ್ಸಾಗೆ ವರ್ಷಕ್ಕೆ 50 ಕೊಕು ಅಕ್ಕಿ. ಕೊಕು ಅಲ್ಲಿನ ಹಳೆಯ ಅಳತೆ. ಆಟ ಆಡುವವನಿಗೆ, ಆಟ ಕಲಿಸುವವನಿಗೆ ಸರ್ಕಾರದ ಅಕ್ಕಿ! ಹೊನಿನ್‌ಬೊ, ಇನೊಉಎ, ಯಾಸುಇ, ಹಾಯಾಶಿ ಅಂತ ನಾಲ್ಕು ಮನೆತನಗಳು ಬೆಳೆದವು. ಮಗನೇ ವಾರಸುದಾರ ಆಗಬೇಕಿಲ್ಲ. ಚೆನ್ನಾಗಿ ಆಡುವ ಶಿಷ್ಯನನ್ನು ದತ್ತು ತೆಗೆದುಕೊಂಡು ಮನೆ ಒಪ್ಪಿಸುತ್ತಿದ್ದರು. ವರ್ಷಕ್ಕೊಮ್ಮೆ ಶೋಗುನ್ ಎಂಬ ಆಳುವ ದೊರೆಯ ಕೋಟೆಯಲ್ಲಿ ನಾಲ್ಕೂ ಮನೆಯವರ ಪಂದ್ಯ. ಅದು 1864ರವರೆಗೂ ನಡೆಯಿತು. ಆಟ ಚೀನಾದಲ್ಲಿ ಹುಟ್ಟಿತು, ಅಲ್ಲೇ ಕಥೆ ಕವಿತೆ ಆಯಿತು. ಆದರೆ ತಲೆಮಾರಿನಿಂದ ತಲೆಮಾರಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕಲಿಯುವ ಏರ್ಪಾಟು ಆದದ್ದು ಇಲ್ಲಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಸಾನ್ಸಾ 1623ರಲ್ಲಿ ತೀರಿಕೊಂಡರು. ಸಾಯುವಾಗ ಅವರು ಹೇಳಿದ್ದೆನ್ನುವ ಪದ್ಯ ಒಂದಿದೆ. ಗೋ ಆಗಿದ್ದರೆ ಕೊ ಹೂಡಿಯಾದರೂ ಬದುಕಿಕೊಳ್ಳುತ್ತಿದ್ದೆ, ಸಾವಿನ ದಾರಿಯಲ್ಲಿ ನಡೆಯೇ ಉಳಿದಿಲ್ಲವಲ್ಲ ಅಂತ.

ಮಧ್ಯಾಹ್ನ ಗೋ ಸಾಮಾನು ಮಾರುವ ಹಳೆಯ ಅಂಗಡಿಗೆ ಹೋದೆವು. ಅಂಗಡಿಯಜ್ಜ ಒಂದು ಬಿಳಿ ಕಾಯಿ ಕೈಗಿಟ್ಟರು. ಹ್ಯುಗಾ ಕಡಲತೀರದ ಹಮಾಗುರಿ ಚಿಪ್ಪಿನದು. ಬೆಳಕಿಗೆ ಹಿಡಿದರೆ ಚಿಪ್ಪು ಬೆಳೆದ ಸಣ್ಣ ಗೆರೆಗಳು ಕಾಣುತ್ತವೆ. ಈಗ ಅಲ್ಲಿ ಚಿಪ್ಪು ಸಿಗುವುದು ಅಪರೂಪ, ಹೆಚ್ಚಿನದು ಮೆಕ್ಸಿಕೋದಿಂದ ಬರುತ್ತದೆ. ಕಪ್ಪು ಕಾಯಿ ಕುಮಾನೊ ಕಡೆಯ ನಾಚಿಗುರೊ ಕಲ್ಲು. ಎರಡನ್ನೂ ಜೋಡಿಸಿ ಹಿಡಿದು ತೋರಿಸಿದರು. ಕಪ್ಪು ಒಂದು ಕೂದಲೆಳೆಯಷ್ಟು ದೊಡ್ಡದು. ಕಪ್ಪು 22.2 ಮಿಲಿಮೀಟರ್, ಬಿಳಿ 21.9. ಕಣ್ಣಿಗೆ ಬಿಳಿ ದೊಡ್ಡದಾಗಿ ಕಾಣುವುದರಿಂದ ಹಾಗೆ ಮಾಡಿದರೆ ಮಣೆಯ ಮೇಲೆ ಎರಡೂ ಸಮ ಅನ್ನಿಸುತ್ತವೆ. ಆಮೇಲೆ ಕಾಯಾ ಮರದ ದಪ್ಪ ಮಣೆಯೊಂದನ್ನು ಓರೆ ಮಾಡಿದರು. ಕೆಳಗೆ ನಡುವೆ ಚೌಕದ ಗುಳಿ. ಮರ ಬಿರಿಯದಿರಲಿ, ಕಾಯಿ ಇಟ್ಟಾಗ ಸದ್ದು ಚೆನ್ನಾಗಿ ಬರಲಿ ಅಂತ. ಪಕ್ಕದಲ್ಲಿ ಕೂತು ಬಾಯಿ ಹಾಕುವವನ ತಲೆ ಕಡಿದು ಇಡುವ ಜಾಗ ಅದು ಅಂತ ಹಳೆಯ ಮಾತು. ಅಜ್ಜ ಕತ್ತಿನ ಮೇಲೆ ಕೈ ಆಡಿಸಿ ಅದನ್ನು ವಿವರಿಸಿದರು. ನಂತರ ತೋರುಬೆರಳು, ನಡುಬೆರಳ ತುದಿಯಲ್ಲಿ ಕಾಯಿ ಹಿಡಿದು ಒಂದು ಸಲ ಇಟ್ಟರು. ಟಕ್ ಅಂದಿತು. ಆ ಸದ್ದು ನಮ್ಮ ಮ್ಯಾಗ್ನೆಟ್ ಮಣೆಯಿಂದ ಎಂದೂ ಬರುವುದಿಲ್ಲ.

ಏಳನೇ ದಿನ: ಇನ್ನೊಶಿಮಾ

ಒನೊಮಿಚಿಯಿಂದ ಬಸ್ಸು. ಸೇತುವೆ ದಾಟಿದರೆ ದ್ವೀಪ. ಒಂದು ಕಾಲಕ್ಕೆ ಮುರಾಕಾಮಿ ಕಡಲ ಸರದಾರರ ನೆಲೆ, ಈಗ ಹಡಗುಕಟ್ಟೆ ಮತ್ತು ಹಸ್ಸಾಕು ಕಿತ್ತಳೆಯ ಊರು. ಕಿತ್ತಳೆ ತೊಳೆ ಒಳಗಿಟ್ಟು ಅಕ್ಕಿಹಿಟ್ಟಿನ ಹೊದಿಕೆ ಹಾಕಿದ ದೈಫುಕು ಸಿಹಿ ತಿಂಡಿ ಇಲ್ಲಿ ಸಿಗುತ್ತದೆ. ಮಾಂಸ ಮೀನು ತಿನ್ನದ ನಮಗೆ ಅವತ್ತಿನ ಊಟವೇ ಅದು. ಹುಳಿ, ಸಿಹಿ, ಸ್ವಲ್ಪ ಕಹಿ. ತುಂಬಾ ಚೆನ್ನಾಗಿತ್ತು.

ತೊನೊಉರಾ ಹಳ್ಳಿಯಲ್ಲಿ 1829ರಲ್ಲಿ ಹೊನಿನ್‌ಬೊ ಶುಸಾಕು ಹುಟ್ಟಿದರು. ಹುಟ್ಟಿದ ಜಾಗದಲ್ಲೇ 2008ರಿಂದ ಸ್ಮಾರಕ ಮ್ಯೂಸಿಯಂ ಇದೆ. ಮರಳಿ ಕಟ್ಟಿದ ಮನೆಯೂ ಇದೆ. ಮೊದಲ ಗುರು ಅಮ್ಮ. ಅಮ್ಮ ಕಾಮೆಗೆ ಗೋ ಗೊತ್ತಿತ್ತು. ಅಳುವ ಮಗುವಿನ ಕೈಗೆ ಕಾಯಿ ಕೊಟ್ಟರೆ ಸುಮ್ಮನಾಗುತ್ತಿತ್ತಂತೆ. ಮಿಹಾರಾ ಕೋಟೆಯ ಒಡೆಯನ ಕಣ್ಣಿಗೆ ಬಿದ್ದು, ಒಂಬತ್ತು ವರ್ಷಕ್ಕೆ ಎದೊ ನಗರದ ಹೊನಿನ್‌ಬೊ ಮನೆ ಸೇರಿದ ಹುಡುಗ. ಇಲ್ಲಿಂದ ಈಗಿನ ಟೋಕಿಯೋ ಎಲ್ಲಿ! ಅಪ್ಪ ಅಮ್ಮನಿಗೆ ಬರೆದ ಪತ್ರಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ. ಅಕ್ಷರ ಓದಲು ಬಾರದಿದ್ದರೂ ಆ ನೆಟ್ಟಗಿನ ಸಾಲುಗಳ ಮುಂದೆ ನಿಂತೆ.

1846ರಲ್ಲಿ ಒಸಾಕಾದಲ್ಲಿ ಆಡಿದ ಒಂದು ಆಟ ಇವರನ್ನು ಚಿರಕಾಲಕ್ಕೂ ನೆನೆಯುವ ಹಾಗೆ ಮಾಡಿತು. ಎದುರಿಗೆ ಇನೊಉಎ ಮನೆಯ ಗೆನ್ನಾನ್ ಇನ್ಸೆಕಿ, ಎಂಟನೇ ದರ್ಜೆಯ ದೊಡ್ಡ ಆಟಗಾರ. ಶುಸಾಕು ಅದಕ್ಕಿಂತ ಕೆಳಗಿನ ನಾಲ್ಕನೇ ದರ್ಜೆ, ಹದಿನೇಳು ವರ್ಷ. ಶುರುವಿನಲ್ಲೇ ಮೂಲೆಯಲ್ಲಿ ಪೆಟ್ಟು ತಿಂದರು. ನೋಡುತ್ತಿದ್ದವರೆಲ್ಲ ಗೆನ್ನಾನ್ ಗೆದ್ದಾಯಿತು ಅಂದುಕೊಂಡರು. 127ನೇ ನಡೆಯಲ್ಲಿ ಶುಸಾಕು ಮಣೆಯ ನಡುವೆ ಒಂದು ಕಾಯಿ ಇಟ್ಟರು. ಅಲ್ಲಿದ್ದ ವೈದ್ಯರೊಬ್ಬರು ಶುಸಾಕು ಗೆಲ್ಲುತ್ತಾರೆ ಅಂದರು. ಯಾಕೆ ಅಂದರೆ, “ನನಗೆ ಆಟ ಅಷ್ಟು ತಿಳಿಯದು, ಆದರೆ ಆ ನಡೆ ಇಟ್ಟಾಗ ಗೆನ್ನಾನ್ ಕಿವಿ ಕೆಂಪಾಯಿತು” ಅಂದರಂತೆ. 325 ನಡೆಗೆ ಆಟ ಮುಗಿದಾಗ ಶುಸಾಕು ಎರಡು ಅಂಕದಿಂದ ಗೆದ್ದಿದ್ದರು.

ಮ್ಯೂಸಿಯಂ ಮಣೆಯ ಮೇಲೆ ಅಕ್ಕನ ಮಗ ಆ 127ನೇ ನಡೆಯವರೆಗೂ ಕಾಯಿ ಜೋಡಿಸಿದ. ನೆನಪಿನಿಂದಲೇ. ಕೊನೆಯ ಕಾಯಿ ಇಟ್ಟು “ನೋಡಿ ಚಿಕ್ಕಮ್ಮ, ಇದೊಂದೇ ಕಾಯಿ ನಾಲ್ಕೂ ಕಡೆಗೆ ಕೆಲಸ ಮಾಡ್ತಾ ಇದೆ” ಅಂದ. ಮೇಲ್ಗಡೆ ಬಿಳಿಯ ಜಾಗ ಕುಗ್ಗುತ್ತದೆ. ಕೆಳಗೆ ಕಷ್ಟದಲ್ಲಿರುವ ನಾಲ್ಕು ಕಪ್ಪು ಕಾಯಿಗಳಿಗೆ ಆಸರೆ ಸಿಗುತ್ತದೆ. ಬಲಕ್ಕೆ ಕಪ್ಪು ಬೆಳೆಯುತ್ತದೆ, ಎಡಕ್ಕೆ ನುಗ್ಗಲು ದಾರಿಯಾಗುತ್ತದೆ. ನನ್ನ ಮಟ್ಟದ ಆಟಗಾರರಿಗೂ ಯಾರಾದರೂ ಹೀಗೆ ಬೆರಳಿಟ್ಟು ತೋರಿಸಿದರೆ ಕಾಣುವಂಥ ಚಂದ ಅದು.

ಕೋಟೆಯ ಪಂದ್ಯಗಳಲ್ಲಿ ಶುಸಾಕು ಸತತ ಹತ್ತೊಂಬತ್ತು ಗೆದ್ದರು. ಒಂದನ್ನೂ ಸೋಲಲಿಲ್ಲ. 1862ರಲ್ಲಿ ಎದೊದಲ್ಲಿ ಕಾಲರಾ ಬಂತು. ಗುರುವಿನ ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ನಿಂತರು. ಬೇಡ ಅಂದರೂ ಕೇಳಲಿಲ್ಲ. ಅವರಿಗೇ ರೋಗ ತಗುಲಿ ಹೋಗಿಬಿಟ್ಟರು. ಮೂವತ್ತಮೂರು ವರ್ಷ. ಅವರ ಗೆಲುವುಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅವರು ದೊಡ್ಡವರು ಅನ್ನಿಸುವುದು ಇದಕ್ಕೆ.

ಎಂಟನೇ ದಿನ: ಹಿರೋಷಿಮಾ

ಶಾಂತಿ ಸ್ಮಾರಕ ನೋಡಿಕೊಂಡು, ಟ್ರಾಮ್ ಹತ್ತಿ ಪಶ್ಚಿಮಕ್ಕೆ ಇತ್ಸುಕಾಯಿಚಿ ಕಡೆ ಹೋದೆವು. ಈಗ ಸಾಮಾನ್ಯ ಬಡಾವಣೆ, ಅಂಗಡಿ, ಮನೆಗಳು. 1945ರ ಆಗಸ್ಟ್ 6ರಂದು ಇಲ್ಲೊಂದು ಮನೆಯಲ್ಲಿ, ಆ ಹಳೆಯ ಮನೆತನದ ಹೆಸರನ್ನೇ ಇಟ್ಟ ಹೊನಿನ್‌ಬೊ ಪಟ್ಟದ ಪಂದ್ಯದ ಎರಡನೇ ಆಟ ನಡೆಯುತ್ತಿತ್ತು. ಪಟ್ಟದಲ್ಲಿದ್ದವರು ಹಾಶಿಮೊತೊ ಉತಾರೊ, ಎದುರಾಳಿ ಇವಾಮೊತೊ ಕಾಓರು. ಮೊದಲ ಆಟ ಜುಲೈನಲ್ಲಿ ನಗರದ ಒಳಗೇ ನಡೆದಿತ್ತು. ಅಪಾಯ ಇದೆ, ಅಲ್ಲಿ ಆಡಬೇಡಿ ಅಂತ ಪೊಲೀಸ್ ಅಧಿಕಾರಿ ಹಟ ಹಿಡಿದಿದ್ದರಿಂದ ಇಲ್ಲಿಗೆ ಬಂದರು. ಆಟದ ಮೂರನೇ ದಿನ. ಹಿಂದಿನ ದಿನದ ಕಾಯಿಗಳನ್ನು ಮಣೆಯ ಮೇಲೆ ಮರುಜೋಡಿಸಿ ಮುಂದುವರಿಸುವ ಹೊತ್ತಿಗೆ ಬೆಳಕು, ಆಮೇಲೆ ಸದ್ದು, ಆಮೇಲೆ ಗಾಳಿ. ಕಿಟಕಿ ಗಾಜು ಪುಡಿಯಾಯಿತು, ಕಾಯಿಗಳು ಚೆಲ್ಲಾಪಿಲ್ಲಿ. ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. ಗುಡಿಸಿ, ಮತ್ತೆ ಜೋಡಿಸಿ, ಊಟವಾದ ಮೇಲೆ ಆಟ ಮುಗಿಸಿದರು. ಹಾಶಿಮೊತೊ ಐದು ಅಂಕದಿಂದ ಗೆದ್ದರು. ಸಂಜೆ ಸುಟ್ಟ ಜನ ನಗರದಿಂದ ನಡೆದು ಬರತೊಡಗಿದಾಗ ನಿಜ ತಿಳಿಯಿತು.

ಆಟ ಮುಗಿಸಿದ್ದು ಕಲ್ಲೆದೆ ಅಂತ ಕೆಲವರು ಹೇಳಿದ್ದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಹೊರಗೆ ಏನಾಗಿದೆ ಅಂತ ತಿಳಿಯದ ಮನುಷ್ಯರು ತಮ್ಮ ಕೈಯಲ್ಲಿದ್ದ ಕೆಲಸ ಮಾಡಿದರು.

ಪಂದ್ಯ ಕೊನೆಗೆ ಮೂರು ಮೂರು ಸಮವಾಗಿ, 1946ರಲ್ಲಿ ಮತ್ತೆ ಆಡಿ ಇವಾಮೊತೊ ಪಟ್ಟ ಗೆದ್ದರು. ಯುವಕನಾಗಿದ್ದಾಗ ಬ್ರೆಜಿಲ್‌ಗೆ ಹೋಗಿ ಕಾಫಿ ಬೆಳೆದು ಬಂದವರು ಅವರು. ವಯಸ್ಸಾದ ಮೇಲೆ ತಮ್ಮ ಆಸ್ತಿ ಮಾರಿ ಬಂದ ಹಣದಿಂದ ಸಾವ್ ಪೌಲೊ, ಆಮ್‌ಸ್ಟರ್‌ಡ್ಯಾಮ್, ನ್ಯೂಯಾರ್ಕ್, ಸಿಯಾಟಲ್‌ಗಳಲ್ಲಿ ಗೋ ಕೇಂದ್ರ ತೆರೆಸಿದರು.

ಅವತ್ತು ಆ ಮನೆಯಲ್ಲಿ ತೀರ್ಪುಗಾರರಾಗಿ ಕೂತಿದ್ದವರು ಸೆಗೊಎ ಕೆನ್ಸಾಕು. ಇದೇ ಹಿರೋಷಿಮಾ ಜಿಲ್ಲೆಯ ನೊಮಿ ದ್ವೀಪದವರು. ಆಡುತ್ತಿದ್ದ ಹಾಶಿಮೊತೊ ಅವರದೇ ಶಿಷ್ಯ. ಅದಕ್ಕೂ ಮುಂಚೆ, 1928ರಲ್ಲಿ, ಅವರು ಚೀನಾದಿಂದ ಹದಿನಾಲ್ಕು ವರ್ಷದ ವೂ ಚಿಂಗ್‌ಯುವಾನ್ ಎಂಬ ಹುಡುಗನನ್ನು ಜಪಾನಿಗೆ ಕರೆಸಿಕೊಂಡಿದ್ದರು. ಗೋ ಸೇಗೆನ್ ಎಂಬ ಹೆಸರಿನಲ್ಲಿ ಆ ಹುಡುಗ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಆಟಗಾರನಾದ. ಇಳಿವಯಸ್ಸಿನಲ್ಲಿ ಸೆಗೊಎ ತೆಗೆದುಕೊಂಡ ಕೊನೆಯ ಶಿಷ್ಯ ಕೊರಿಯಾದ ಚೋ ಹುನ್‌ಹ್ಯುನ್. ಚೀನಾ, ಜಪಾನ್, ಕೊರಿಯಾ, ಮೂರೂ ಕಡೆಯ ಹುಡುಗರು ಒಬ್ಬರೇ ಗುರುವಿನ ಬಳಿ ಕಲಿತರು. ಆ ದೇಶಗಳ ನಡುವೆ ಆ ಕಾಲದಲ್ಲಿ ಏನೇನು ನಡೆಯಿತು ಅಂತ ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ.

ಚೋ 1972ರಲ್ಲಿ ಕೊರಿಯಾಗೆ ಮರಳಿದರು. 1989ರಲ್ಲಿ ಇಂಗ್ ಕಪ್ ಎಂಬ ಅಂತರರಾಷ್ಟ್ರೀಯ ಪಂದ್ಯಾವಳಿಯ ಮೊದಲ ಫೈನಲ್‌ನಲ್ಲಿ ಚೀನಾದ ನಿಯೆ ವೇಯ್‌ಪಿಂಗ್ ಅವರನ್ನು ಮೂರು ಎರಡರಿಂದ ಸೋಲಿಸಿದರು. ತಮಗೆ ಗುರು ಮಾಡಿದ ಹಾಗೇ ತಾವೂ ಒಬ್ಬ ಹುಡುಗನನ್ನು ಮನೆಯಲ್ಲಿಟ್ಟುಕೊಂಡು ಕಲಿಸಿದರು. ಅವನು ಲೀ ಚಾಂಗ್‌ಹೊ. ಹದಿನೈದರ ಆಸುಪಾಸಿನಲ್ಲೇ ಅವನು ಗುರುವಿನ ಪಟ್ಟಗಳನ್ನು ಒಂದೊಂದಾಗಿ ಕಿತ್ತುಕೊಳ್ಳತೊಡಗಿದ. ಬೆಳಗ್ಗೆ ಒಂದೇ ಮನೆಯಿಂದ ಇಬ್ಬರೂ ಹೊರಡುವುದು, ಪಟ್ಟಕ್ಕಾಗಿ ಎದುರು ಬದುರು ಕೂರುವುದು, ಸಂಜೆ ಅದೇ ಮನೆಗೆ ಬರುವುದು.

“ಸೋತ ದಿನ ಆ ಮೇಷ್ಟ್ರಿಗೆ ಹೇಗನ್ನಿಸ್ತಿತ್ತು ಚಿಕ್ಕಮ್ಮ?” ಅಂತ ವಾಪಸ್ ಟ್ರಾಮ್‌ನಲ್ಲಿ ಅಕ್ಕನ ಮಗ ಕೇಳಿದ. ಮುಂದಿನ ಸಲ ಸೋಲ್‌ಗೆ ಹೋಗೋಣ ಅಂದೆ. ಅವನು ಆಗಲೇ ಫೋನ್ ತೆಗೆದು ಟಿಕೆಟ್ ದರ ನೋಡುತ್ತಿದ್ದ.